ಮೇಸ್ತ್ರಿಗೆ ಕೇಳಿಸಬಾರದ್ದು

ನಮ್ಮೂರ ಹೆಸರಿಗೆ ದೋಣಿ ಅಂತ ಅರ್ಥ.
ವೂಚ್. ದೋಣಿ ತೇಲುವಷ್ಟು ನೀರು
ಊರಲ್ಲೆಲ್ಲೂ ಕಾಣುವುದಿಲ್ಲ. ಇದ್ದದ್ದೆಲ್ಲ ನೂಲು,
ಕೆಂಪಿಟ್ಟಿಗೆ, ಹೊಗೆಗೊಳವೆ.
ಗಿರಣಿಗಳಲ್ಲೊಂದು ಈಗ ಮ್ಯೂಸಿಯಂ.
ಅದಕ್ಕೆ ಚೀಟಿ ಬರೆಯುವವನು ನಾನು.

‘ಯಂತ್ರಮಗ್ಗ. ೧೯೧೧. ಎರಕದ ಕಬ್ಬಿಣ, ಬೀಚ್ ಮರ.
ದಯವಿಟ್ಟು ಮುಟ್ಟಬೇಡಿ.’
ಮೂವತ್ತೆಂಟು ಮಗ್ಗಕ್ಕೆ ಮೂವತ್ತೆಂಟು ಚೀಟಿ,
ಒಂದರ ಹಾಗೇ ಇನ್ನೊಂದು.
ಸ್ಮಶಾನದ ಕಲ್ಲುಗಳಿಗಾದರೂ ಹೆಸರು ಬೇರೆಬೇರೆ.

ಜನ ಬರುತ್ತಿದ್ದರು. ಕೈಕಟ್ಟಿಕೊಂಡು ನಡೆದು
ಕಾಫಿ ಎಲ್ಲಿ ಸಿಗುತ್ತೆ ಅನ್ನುತ್ತಿದ್ದರು.
ವಾರ್ಸಾದಿಂದ ತಜ್ಞರು ಬಂದು
ಬಂದವರು ಇಲ್ಲಿ ತಮ್ಮನ್ನು ಕಾಣಬೇಕು ಅಂದರು,
ಇಯರ್‌ಫೋನು ಕೊಡಿಸಿದರು:
ಆರು ಭಾಷೆ, ಒಬ್ಬ ನಟನ ಜೇನುದನಿ.

ಮೂರನೇ ಅಂಕಣದ ಮೂಲೆಯಲ್ಲಿ ಕಾವಲಿನ ಕುರ್ಚಿ.
ಕುರ್ಚಿಯಲ್ಲಿ ಬೊಗುಮೀವಾ,
ಇಲ್ಲೇ ಇಪ್ಪತ್ತಾರು ವರ್ಷ ನಿಂತವಳು.
ಅವಳ ಮಗ್ಗದ ಮುಂದೊಲೆಯಲ್ಲಿ ಒಂದು ತಗ್ಗಿದೆ,
ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ.
ನನ್ನ ಪಟ್ಟಿಯಲ್ಲಿ ಅದು ‘ಸವೆತ’.
ಒಮ್ಮೆ ಹೇಳಿದಳು, ಹೆಣಿಗೆಯಿಂದ ತಲೆಯೆತ್ತದೆ:
“ಅದು ಹೊಟ್ಟೆ. ನನ್ನದು, ನನಗಿಂತ ಮುಂಚಿನವಳದು.
ಒಂದೆರಡು ಬಸಿರೂ ಇದೆ ಅದರಲ್ಲಿ.”

ದಿನಾ ಹನ್ನೊಂದಕ್ಕೆ ಹತ್ತು ನಿಮಿಷ ಮಗ್ಗ ಓಡಿಸುತ್ತೇವೆ.
ಅವತ್ತು ಶಾಲೆಯ ಮಕ್ಕಳು, ಐದನೇ ಕ್ಲಾಸು.
ಒಬ್ಬಳಿಗೆ ಇಯರ್‌ಫೋನು ಚಾಚಿದೆ.
ಟೀಚರು ತನ್ನ ಕಿವಿ ಮುಟ್ಟಿಕೊಂಡು
ಇಲ್ಲ ಎಂದು ತಲೆಯಾಡಿಸಿದರು.
ಆರು ಭಾಷೆ ಕೈಯಲ್ಲಿ ಹಿಡಿದು
ಕೊಡಲೇನೂ ಇಲ್ಲದವನ ಹಾಗೆ ನಿಂತೆ.

ಗುಂಡಿ ಒತ್ತಿದರು.
ಲಾಳಿ ಹೊಡೆಯಿತು. ನೆಲ, ಕಿಟಕಿ, ಬಾಯೊಳಗಿನ ಹಲ್ಲು ನಡುಗಿ
ನಟನ ದನಿ ಮುಳುಗಿತು, ಟೀಚರ ದನಿ ಮುಳುಗಿತು,
ಕಿವಿಯಿದ್ದವರೆಲ್ಲ ಒಮ್ಮೆಗೇ ಕಿವುಡು.

ಬೊಗುಮೀವಾ ಎದ್ದಳು.
ಮಗ್ಗದಾಚೆಯಿಂದ, ಹುಬ್ಬೇರಿಸಿ,
ಒಂದೊಂದೇ ಪದವನ್ನು ಇಡಿಯಾಗಿ ತುಟಿಯ ಮೇಲಿಟ್ಟು
ದಾಟಿಸಿದಳು. ಗಿರಣಿಯ ಹೆಂಗಸರು
ಆಡುತ್ತಿದ್ದದ್ದೇ ಹಾಗೆ, ದನಿ ಖರ್ಚು ಮಾಡದೆ.
ಆ ಹುಡುಗಿ, ತೆಕ್ಲಾ, ತಟ್ಟನೆ ತಿರುಗಿದಳು.
ಮರುಮಾತು ಕೊಟ್ಟಳು. ಇವಳು ಇನ್ನೇನೋ ಅಂದಳು.
ತೆಕ್ಲಾ ಬಾಗಿ ಬಾಗಿ ನಕ್ಕಳು.
ಏನು, ಏನಂತೆ ಎಂದು ಕೇಳುತ್ತಿದ್ದೆವು ಮಿಕ್ಕವರೆಲ್ಲ,
ನಮ್ಮ ಮಾತು ನಮಗೇ ಕೇಳದೆ.

ಮಗ್ಗ ನಿಂತಮೇಲೆ ಅವಳು ಸೀದಾ ಹೋಗಿ
ಆ ತಗ್ಗಿಗೆ ಒತ್ತಿಕೊಂಡಳು. ಎತ್ತರ ಸಾಲದು,
ಹೊಟ್ಟೆಯ ಬದಲು ಎದೆ ತಾಗಿತು.
ಮುಟ್ಟಬೇಡಿ ಎನ್ನಲು ಬಾಯಿ ತೆರೆದವನು
ಅವಳು ನನ್ನ ತುಟಿ ಓದುವ ಮೊದಲೇ
ಮುಚ್ಚಿಕೊಂಡೆ.

ಸಂಜೆ ಕೇಳಿದೆ: ಏನು ಮಾತಾಡಿದಿರಿ?
ಚೀಟಿಗೆ ಬರೆದುಕೊಳ್ಳುತ್ತೇನೆ.
“ಮೇಸ್ತ್ರಿಗೆ ಕೇಳಿಸಬಾರದ್ದು,” ಅಂದಳು
ಕಾಲುಚೀಲದ ಹಿಮ್ಮಡಿ ತಿರುಗಿಸುತ್ತ.
ಈಗೆಲ್ಲಿ ಮೇಸ್ತ್ರಿ?
ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು.

ಆ ಒಂದು ಚೀಟಿ ಕಿತ್ತಿದ್ದೇನೆ.
ಬೇರೆ ಬರೆಯಬೇಕು, ಬರೆದಿಲ್ಲ.
ಅಂಟಿನ ನಾಲ್ಕು ಕಲೆ ಉಳಿದಿವೆ ಅಲ್ಲಿ.
ಬಂದವರು ಅದನ್ನು ನೋಡಿ, ತಗ್ಗನ್ನು ನೋಡಿ,
ಕುರ್ಚಿಯ ಕಡೆ ತಿರುಗುತ್ತಾರೆ.