ನಾಣ್ಯ ಬೀಳುವ ಮುಂಚೆ

ಪ್ವೆಬ್ಲಾ ಪೇಟೆಯ ಮಹಡಿಯಲ್ಲಿ
ಮೂರಡಿ ಅಗಲದ ನನ್ನ ಅಂಗಡಿ.
ಒಡೆದ ಫೋನುಗಳ ನಡುವೆ ಅವತ್ತು
ದೋಞಾ ಎರ್ಮೆಲಿಂಡಾ ತೆಗೆದಿಟ್ಟದ್ದು
ಅಂಗೈಯಗಲದ ಆಟದ ಪೆಟ್ಟಿಗೆ,
ಚೌಕದಲ್ಲಿ ಸುತ್ತಿ, ಬಿಸಿ ರೊಟ್ಟಿ ಸುತ್ತಿ ತಂದ ಹಾಗೆ.

ಇದರೊಳಗೆ ನನ್ನ ಆಟ ಹಾಕಿಕೊಡು.
ಯಾವುದು?
ಹೆಸರು ಗೊತ್ತಿಲ್ಲ.
ನೋಡಲು ಹೇಗಿತ್ತು?
ನೋಡಿಲ್ಲ ಮಗ.

ಇಪ್ಪತ್ತೆರಡು ವರ್ಷ ತೋರ್ತಿಯಾ ಸುಟ್ಟು ಮಾರಿದೆ.
ಬಾಗಿಲ ಬಳಿ ನಿಂತಿತ್ತು ಆ ಮಷೀನು,
ಮುಖ ಬೀದಿಗೆ, ಬೆನ್ನು ನನಗೆ.
ಕಂಡದ್ದು ಒಂದು ಪ್ಲೈವುಡ್ ಹಲಗೆ, ಒಂದು ವೈರು,
ಕೆಳಗೆ ಹುಡುಗರ ಗಾಯದ ಮೊಣಕಾಲು.
ಕಿವಿಗೆ ಮಾತ್ರ ಗೊತ್ತು.

ಕಾರ್ಡು ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದೆ.
ಕೋರ್ ಅಂದರೇನು ಎಂದು ಕೇಳಿದರು.
ಹಂಚು ಅಂದುಕೊಳ್ಳಿ, ಆಟ ಹಿಟ್ಟು,
ಹಳೇ ಹಂಚಿಗೆ ಹಳೇ ಹಿಟ್ಟೇ ಆಗಬೇಕು,
ತಪ್ಪಿದರೆ ತೆರೆ ಒಮ್ಮೆ ಕಪ್ಪಾಗಿ ಮತ್ತೆ ಮೆನು.
ಹಂಚಲ್ಲ, ಅದು ಉರಿ, ಎಂದು ತಿದ್ದಿದರು,
ಹಂಚು ಬದಲಾದರೆ ರೊಟ್ಟಿ ಕೆಡೋದಿಲ್ಲ.
ಸರಿ, ಉರಿ.

ಜಿಪ್ಪನ್ನು ಬಿಚ್ಚಬಾರದು,
ಬಿಚ್ಚಿ ಕೆಡಿಸಿಕೊಂಡು ವಾರಕ್ಕೆ ನಾಲ್ವರು ಬರುತ್ತಾರೆ;
ಕಟ್ಟಿದ ಬುತ್ತಿ ಕಟ್ಟಿದ ಹಾಗೇ ಇರಬೇಕು.
ಪಕ್ಕದಲ್ಲಿ ಬಯಾಸ್ ಕಡತ ಕೂತಿರಬೇಕು,
ಮದುವೆಮನೆಯ ಸೋದರಮಾವನಂತೆ:
ಕಣ್ಣಿಗೆ ಬೀಳುವ ಕೆಲಸವೇನಿಲ್ಲ,
ಬಾರದಿದ್ದರೆ ಮುಹೂರ್ತವೇ ಇಲ್ಲ.

ಅವರು ಕಣ್ಣು ಮುಚ್ಚಿ ಕೂತರು.
ವಿಮಾನಗಳು. ಅಲ್ಲ.
ಗುದ್ದಾಟ. ಅಲ್ಲ, ಇದು ಎದುರು ಔಷಧದಂಗಡಿಯದು.
ಮೋಟಾರುಬೈಕು. ಅಲ್ಲ.
ಮೊದಲು ಒಂದು ಗಂಟೆ ಬರತ್ತೆ ಮಗ,
ಆಮೇಲೆ ಯಾರೋ ನೆಗಡಿಯಲ್ಲಿ ನಕ್ಕ ಹಾಗೆ.

ನೆಗಡಿಯಲ್ಲಿ ನಗುವ ಆಟ!
ಎರಡು ಸಾವಿರದ ಪಟ್ಟಿಯಲ್ಲಿ ಎಲ್ಲಿ ಹುಡುಕಲಿ?
ಚಹಾ ತಣ್ಣಗಾಯಿತು, ಬ್ಯಾಟರಿ ಕೆಂಪಾಯಿತು,
ಚಾರ್ಜರು ಹಚ್ಚಿದೆ.
ಸಂಜೆಯ ಹೊತ್ತಿಗೆ ಒಬ್ಬ ಮುಳುಗುಗಾರ, ಒಂದು ಅಷ್ಟಪದಿ,
ಆಟ ತಾನೇ ಆಡಿ ತೋರಿಸುತ್ತಿದೆ, ಮೂಕವಾಗಿ.
ಡಿಪ್ ಸ್ವಿಚ್ಚುಗಳೊಳಗೆ ಹೊಕ್ಕು
ಡೆಮೋ ಸದ್ದನ್ನು ಎಬ್ಬಿಸಿದೆ.
ಗಂಟೆ.
ಆಮೇಲೆ ಮಗುವಿನದೊಂದು ತಿಳಿಯಾದ ನಗು.

ಹತ್ತಿರ, ಎಂದರು. ಆದರೆ
ಇವನಿಗೆ ನೆಗಡಿ ಇಲ್ಲ.

ಆಗ ಹೊಳೆಯಿತು. ನಮ್ಮ ಬೀದಿಗೆ ಅಸಲಿ ಬೋರ್ಡು
ಯಾವತ್ತು ಬಂದಿತ್ತು? ಎಲ್ಲ ನಕಲು,
ಸದ್ದಿನ ಚಿಪ್ಪು ಅಗ್ಗದ್ದು, ಸ್ಪೀಕರು ಹರಿದದ್ದು.
ನಿಖರವಾದ ಕೋರನ್ನು ಬದಿಗಿಟ್ಟೆ.
ಹಳೆಯದನ್ನು ಹಾಕಿದೆ, ಸದ್ದು ಸರಿಯಿಲ್ಲವೆಂದು
ಮಾಡಿದವರೇ ಒಪ್ಪಿಕೊಂಡದ್ದನ್ನು;
ಅದರ ಮೇಲೆ ನಕಲು ಪ್ರತಿ.

ಗಂಟೆ. ಮೂಗು ಕಟ್ಟಿದ ನಗು.

ಅವರು ಏನೂ ಹೇಳಲಿಲ್ಲ.
ಬಲಗೈ ಮಾತ್ರ ನನ್ನ ಗಾಜಿನ ಮೇಲೆ
ಇಲ್ಲದ ಏನನ್ನೋ ಎತ್ತಿ ತೂಗತೊಡಗಿತು:
ಅರ್ಧ ಕಿಲೋ, ಕಾಗದ,
ಅರ್ಧ ಕಿಲೋ, ಕಾಗದ,
ನಗು ಬಂದಾಗಲೆಲ್ಲ ಒಂದು ಪೊಟ್ಟಣ ಮುಗಿಯುತ್ತಿತ್ತು.
ಅಂಗಡಿಯಲ್ಲಿ, ನನ್ನಾಣೆ,
ಸುಣ್ಣದಲ್ಲಿ ಬೆಂದ ಜೋಳದ ವಾಸನೆ.

ಈ ಗುಂಡಿ ಒತ್ತಿದರೆ ನಾಣ್ಯ ಬಿದ್ದ ಹಾಗೆ,
ಇದು ಶುರು, ಎಂದು ತೋರಿಸಹೋದೆ.
ಬೆರಳು ಹಿಡಿದುಬಿಟ್ಟರು.

ಬೇಡ. ನಾಣ್ಯ ಬಿತ್ತೆಂದರೆ ಹುಡುಗರು ಬಂದರು ಅಂತ.
ಚಿಲ್ಲರೆ ಆಟಕ್ಕೆ ಹೋಯಿತು ಅಂತ,
ಅಮ್ಮಂದಿರು ಬಂದು ನನ್ನ ಮೇಲೆ ಹರಿಹಾಯ್ದರು ಅಂತ.
ಇದು ಬೆಳಗಿನ ಐದು ಗಂಟೆಯ ಸದ್ದು.
ಒಲೆ ಕಾಯುವ ಮುಂಚೆ, ಯಾರೂ ಏಳುವ ಮುಂಚೆ
ನಾನು ಮತ್ತು ಅದು.
ಹೀಗೇ ಇರಲಿ.

ಅಮ್ಮ ಕೊಟ್ಟ ರೊಟ್ಟಿಯ ಕಾಸಿನಿಂದ
ನಾನೂ ಕದ್ದವನೇ, ಬೇರೊಂದು ಬೀದಿಯಲ್ಲಿ.
ಹೇಳಲಿಲ್ಲ.
ಎಂಬತ್ತು ಪೆಸೊ ಎಂದೆ. ನೂರರ ನೋಟು ಕೊಟ್ಟರು.

ತೆರೆಯತ್ತ ಒಮ್ಮೆಯೂ ನೋಡದೆ
ಪೆಟ್ಟಿಗೆಯ ಬೆನ್ನು ತಮ್ಮ ಕಡೆಗೆ ತಿರುಗಿಸಿ
ಚೌಕ ಸುತ್ತಿದರು. ಒಳಗಿಂದ ಅದು ಇನ್ನೂ ನಗುತ್ತಿತ್ತು.
ನಾನು ಕೊಟ್ಟ ಇಪ್ಪತ್ತು ಪೆಸೊ ಚಿಲ್ಲರೆಯನ್ನು
ಅಲ್ಲೇ ನಿಂತು
ಎರಡು ಸಲ ಎಣಿಸಿಕೊಂಡರು.