ನೀಲಿ ಸಿಲಿಂಡರ್

ಎರ್ಮೊಸಿಯೊದಲ್ಲಿ ಜುಲೈ. ನಲವತ್ತಾರು ಡಿಗ್ರಿ.
ಬಿಸಿಲಲ್ಲಿ ಬಿಟ್ಟ ಸ್ಪ್ಯಾನರನ್ನು ಎತ್ತಲು ಚಿಂದಿ ಬೇಕು.
ದೋನ್ಯಾ ಒಫೇಲಿಯ ಎಂಬತ್ತನಾಲ್ಕರ ಫೋರ್ಡನ್ನು
ನಾಲ್ಕೂ ಕಿಟಕಿ ಇಳಿಸಿಕೊಂಡು ತಂದು ನಿಲ್ಲಿಸಿದರು,
ಕತ್ತಿನ ಪೌಡರು ಬೆವರಿಗೆ ಗೆರೆಗೆರೆಯಾಗಿತ್ತು.
‘ಮೊದಲಿನ ತಂಪೇ ಬೇಕು, ಹಸಿಂತೊ.
ಗುವಾಯ್ಮಾಸಿಗೆ ಹೋಗುವಾಗ
ಮೊಣಕಾಲಿಗೆ ಶಾಲು ಹೊದೆಯುತ್ತಿದ್ದೆನಲ್ಲ, ಅದು.’

ಅದು ಹನ್ನೆರಡನೆಯ ನಂಬರಿನ ಅನಿಲ.
ಗುರುವಿನ ಕಾಲದ ಬಿಳಿ ಸಿಲಿಂಡರೊಂದು ಅಟ್ಟದ ಮೇಲಿದೆ,
ಅಲುಗಿಸಿದರೆ ತಳದಲ್ಲಿ ಈಗಲೂ ಏನೋ ಕುಲುಕುತ್ತದೆ.
ಹದಿನಾರರಲ್ಲಿ ನನ್ನ ಕೆಲಸವೇ ಅದಾಗಿತ್ತು:
ನಟ್ಟು ಸಡಿಲಿಸುವುದು, ಮುಖ ಆಚೆ ತಿರುಗಿಸುವುದು,
ಉಸ್ಸೆನ್ನುವುದು ನಿಲ್ಲುವ ತನಕ ಸೋಡಾ ಕುಡಿಯುವುದು.
ಬಣ್ಣವಿಲ್ಲ, ವಾಸನೆಯಿಲ್ಲ. ನನಗೇನು ಗೊತ್ತಿತ್ತು
ಅದು ಅಷ್ಟೆತ್ತರ ಹತ್ತುತ್ತದೆಂದು,
ಹತ್ತಿ, ನುಸಿ ಕಂಬಳಿ ತಿಂದ ಹಾಗೆ ಆಕಾಶ ತಿನ್ನುತ್ತದೆಂದು.
ನನ್ನ ಪಾಲಿನ ತೂತು ಎಷ್ಟಿದ್ದೀತು?
ಅಂಗಿ ಗುಂಡಿಯಷ್ಟು?

ಬೀದಿ ಕೊನೆಯ ಚುಯ್ ಅಡುಗೆ ಅನಿಲ ತುಂಬಿಕೊಡುತ್ತಾನೆ, ಅರ್ಧ ರೇಟು.
ತಂಪೇನೋ ತಂಪೇ, ಸುಳ್ಳು ಹೇಳಲಾರೆ.
ಆದರೆ ಎಲ್ಲೋ ಒಂದು ಪೈಪು ಬಿರಿದು
ಇವರು ಸಿಗರೇಟಿಗೆ ಕಡ್ಡಿ ಗೀರಿ—
ಬೇಡ.

ಉಳಿದದ್ದು ನೀಲಿ. ನೂರಾ ಮೂವತ್ತನಾಲ್ಕು.
ಹಳೆಯ ಎಣ್ಣೆಗೂ ಇದಕ್ಕೂ ಎಣ್ಣೆ ಸೀಗೆಕಾಯಿ ನಂಟು.
ಕಂಪ್ರೆಸರನ್ನು ಮಗುಚಿ ಹನಿಹನಿಯಾಗಿ ಬಸಿದೆ.
ಕಪ್ಪು ರಬ್ಬರುಂಗುರ ಕಿತ್ತು ಹಸಿರುಂಗುರ ತೊಡಿಸಿದೆ.
ಡ್ರೈಯರ್ ಹೊಸದು. ಮುಕ್ಕಾಲು ಗಂಟೆ ಗಾಳಿಯೆಲ್ಲ ಹೀರಿ ತೆಗೆದು
ಮುಳ್ಳು ಅಲುಗದೆ ನಿಂತಿತೇ ಎಂದು ಕಾದೆ. ನಿಂತಿತು.
ಹಳೆಯ ತೂಕಕ್ಕಿಂತ ಐದರಲ್ಲೊಂದು ಪಾಲು ಕಮ್ಮಿ ತುಂಬಬೇಕು;
ಹೆಚ್ಚು ತುಂಬಿದರೆ ಹೆಚ್ಚು ತಂಪು ಅನ್ನುವವನಿಗೆ
ಒತ್ತಡವೇ ಬುದ್ಧಿ ಕಲಿಸುತ್ತದೆ.
ನೀಲಿಯೂ ಸಾಧುವಲ್ಲ. ಹೊರಬಿದ್ದರೆ
ಈ ಬಿಸಿಲನ್ನೇ ಮೇಯಿಸಿ ಕೊಬ್ಬಿಸುತ್ತದಂತೆ.
ಅದಕ್ಕೇ ಈಗ ಒಂದು ಉಸ್ಸನ್ನೂ ಬಿಟ್ಟುಕೊಡುವುದಿಲ್ಲ.

ಬಾನೆಟ್ಟಿನೊಳಗೆ ಚೀಟಿ ಅಂಟಿಸಿದೆ:
ದಿನಾಂಕ, ಎಣ್ಣೆ, ತೂಕ, ನನ್ನ ಹೆಸರು.
ಮುಂದೆ ಬಿಚ್ಚುವವನು ಮೋಸ ಹೋಗಬಾರದು.

ಅವರು ಜಾಲರಿಗೆ ಅಂಗೈ ಒಡ್ಡಿ ಕೂತರು. ಹನ್ನೊಂದು ಡಿಗ್ರಿ.
ಆಗ ಐದಿತ್ತು.
‘ಇದು ಅದಲ್ಲ.’
‘ಅಲ್ಲ.’
ಸ್ವಲ್ಪ ಹೊತ್ತು ಬಿಟ್ಟು, ಸೀಟಿನ ಮೇಲೆ ಬಾಗಿ ಬಾಗಿ
ಒಂದೊಂದೇ ಹಿಡಿಕೆ ತಿರುಗಿಸಿ ಗಾಜು ಏರಿಸತೊಡಗಿದರು.
ನಾಲ್ಕನೆಯದು ಅರ್ಧದಲ್ಲೇ ಸಿಕ್ಕಿಕೊಂಡಿತು.
ಹನ್ನೆರಡು ವರ್ಷದಿಂದ ಅದನ್ನು ಏರಿಸಿದವರಿಲ್ಲ.
ನಾನು ಹೊರಗಿನಿಂದ ಎರಡೂ ಅಂಗೈ ಒತ್ತಿ
ಮೇಲಕ್ಕೆ ತಳ್ಳಿದೆ.