ಕಾಯಲಾರದ ಎಣ್ಣೆ

ಏಪ್ರಿಲ್ ಮೊದಲ ವಾರ. ಪೋಹೋರ್ಯೆ ಬೆಟ್ಟದ ಬುಡದ
ನನ್ನ ರಿಪೇರಿ ಅಂಗಡಿಯ ಸೂರಿನಿಂದ
ಹಿಮ ಇನ್ನೂ ತೊಟ್ಟಿಕ್ಕುತ್ತಿದೆ.
ರೊಜಾಲ್ಕಾ ಅಣ್ಣನ ಗರಗಸವನ್ನು ಗೋಣಿಯಲ್ಲಿ ಸುತ್ತಿ ತಂದಳು,
ನಿದ್ದೆಹೋದ ಮಗುವನ್ನು ಇಳಿಸುವಂತೆ ಮೇಜಿನ ಮೇಲಿಟ್ಟು
‘ಹಲ್ಲು ಕಚ್ಚಿ ಕೂತಿದೆ’ ಎಂದಳು.

ನಿಜ. ಸರಪಳಿ ಮಿಸುಕಲಿಲ್ಲ.
ಅಲಗಿನ ತೋಡಿನುದ್ದಕ್ಕೂ ಜೇನುಬಣ್ಣದ ಅಂಟು,
ಹಳೆ ಬಾಣಲೆಯ ಅಂಚಿಗೆ ಹತ್ತಿದ ಜಿಡ್ಡಿನ ಹಾಗೆ.
ಮೂಸಿದೆ. ಕಮಟು.
ಬೀಜದೆಣ್ಣೆ, ಸಾಸಿವೆಯ ದಾಯಾದಿಯದು.
ಈ ಕಣಿವೆಯಲ್ಲಿ ಓಜ್ಬೆಯದಲ್ಲದೆ ಮತ್ತಾರದು?

ಒಮ್ಮೆ ಅವನಿಗೆ ನಾನೇ ಹೇಳಿದ್ದೆ:
ಟ್ರ್ಯಾಕ್ಟರಿನಿಂದ ಇಳಿಸಿದ ಕಪ್ಪೆಣ್ಣೆ ಇದೆ, ಪುಕ್ಕಟೆ ಒಯ್ಯಿ.
ಸರಪಳಿಯ ಎಣ್ಣೆ ತಿರುಗಿ ಬರುವಂಥದ್ದಲ್ಲ,
ಕುಡಿದಷ್ಟನ್ನೂ ಕಾಡಿಗೇ ಉಗುಳುತ್ತದೆ,
ಉಗುಳುವುದಕ್ಕೆ ದುಡ್ಡು ಯಾಕೆ?
ಓಜ್ಬೆ ಮಾತಾಡದೆ ಬೆರಳು ಚಾಚಿದ್ದ:
ಅವನು ಕೊಯ್ಯುವ ಇಳಿಜಾರು, ಅದರ ಕೆಳಗೆ ಊಟೆ,
ಊಟೆಯ ಕೆಳಗೆ ಕೊಳವೆ, ಕೊಳವೆಯ ತುದಿಗೆ
ನನ್ನ ಅಡುಗೆಮನೆಯ ನಲ್ಲಿ.

ಜೊತೆಯವರು ರೇಗಿಸುತ್ತಿದ್ದರು,
ಮರ ಕಡಿಯುತ್ತೀಯೋ ಆಲೂಗಡ್ಡೆ ಕರಿಯುತ್ತೀಯೋ?
ಅವನ ಗರಗಸದ ಹೊಟ್ಟಿಗೆ ಮಧ್ಯಾಹ್ನದ ಹಸಿವಿನ ವಾಸನೆ.
ಕಾಡಿಲಿಗಳು ರಾತ್ರಿ ಬಂದು
ಡಬ್ಬಿಯ ಮುಚ್ಚಳ ಕಡಿದಿದ್ದುಂಟು.

ಪ್ರತಿ ಶರತ್ತಿನ ಕೊನೆಗೆ ಟ್ಯಾಂಕು ಬರಿದು ಮಾಡಿ,
ಒರೆಸಿ, ಗೋಡೆಗೆ ತೂಗುಹಾಕುತ್ತಿದ್ದ.
ಹೋದ ಅಕ್ಟೋಬರಿನಲ್ಲಿ ಅರ್ಧ ಕೊಯ್ದ ಸ್ಪ್ರೂಸ್ ಬಿಟ್ಟು
ಎದೆ ಹಿಡಿದುಕೊಂಡು ಇಳಿದವನು
ಮಾರಿಬೋರ್ ಆಸ್ಪತ್ರೆಯಲ್ಲೇ ಇದ್ದಾನೆ.

‘ಆರು ತಿಂಗಳಿಗೆ ಮೊದಲ ಮಾತು, ಮೊನ್ನೆ ಫೋನಿನಲ್ಲಿ,’
ರೊಜಾಲ್ಕಾ ಕೈಚೀಲದ ಹಿಡಿ ತಿರುಚುತ್ತಿದ್ದಳು,
‘ಖಾಲಿ ಮಾಡಿದೆಯಾ ಅಂದ.
ಮನೆಯನ್ನು ಅಂದುಕೊಂಡೆ.
ಅಂಗಿಗಳನ್ನೆಲ್ಲ ಡಬ್ಬಕ್ಕೆ ತುಂಬಿಬಿಟ್ಟಿದ್ದೇನೆ.’

ನಾನು ಟ್ಯಾಂಕಿನ ಬಿರಡೆ ತಿರುಚಿ ತೋರಿಸಿದೆ.
ಅವಳು ಬಹಳ ಹೊತ್ತು ಅದರೊಳಗೆ ನೋಡಿದಳು.

ನೆಲದಡಿಯ ಎಣ್ಣೆಯಾಗಿದ್ದರೆ ಕಾಯುತ್ತಿತ್ತು,
ಹತ್ತು ಚಳಿಗಾಲ ಕಳೆದರೂ ಹಾಗೇ,
ಸತ್ತು ಯುಗವಾದದ್ದಕ್ಕೆ ಇನ್ನೇನು ಕೆಡುವುದಿದೆ?
ಇದು ಹೋದ ವರ್ಷ ಹೂವಾಗಿತ್ತು.
ಗಾಳಿ ಮುಟ್ಟಿದರೆ ಬದಲಾಗುತ್ತದೆ,
ಮಣ್ಣು ಮುಟ್ಟಿದರೆ ಮಣ್ಣಿನ ಮಾತು ಕೇಳುತ್ತದೆ.

ಸೀಮೆಎಣ್ಣೆ, ಹಲ್ಲುಜ್ಜುವ ಬ್ರಷ್ಷು, ಎರಡು ತಾಸು.
ಒಂದೊಂದೇ ಕೊಂಡಿ ನೆನೆದು, ಕೊಸರಿ,
ಕೊನೆಗೆ ಇಡೀ ಸರಪಳಿ ಬೆರಳಿಗೆ ಓಡಿತು.

‘ಈಗ ಯಾವ ಎಣ್ಣೆ ತುಂಬಲಿ?’ ಅವಳು ಕೇಳಿದಳು.
ಕಪಾಟಿನಲ್ಲಿ ಎರಡೂ ಇದ್ದವು, ಒಂದು ಅಗ್ಗ.
ಸೀಮೆಎಣ್ಣೆಯ ಚಿಂದಿಯನ್ನು ಡಬ್ಬಿಗೆ ಹಾಕಿ, ಬಿಗಿದು ಮುಚ್ಚಿ,
ಒಂದು ಲೋಟ ತಂದು
ನಲ್ಲಿ ತಿರುಗಿಸಿ
ಅವಳಿಗೆ ನೀರು ಕೊಟ್ಟೆ.